ಜರಡಿಯಕ್ಕನ ಅಡಿಪಾಯ

ನಮ್ಮ ಓಣಿಯ ಕೆಳಗಿರುವುದು ಜಿಗುಟು ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿರುವ ಮನೆಗಳು ಅದರ ಜೊತೆಗೇ ಏಳುತ್ತವೆ, ಅದರ ಜೊತೆಗೇ ಇಳಿಯುತ್ತವೆ. ಮಳೆ ಶುರುವಾದ ವಾರದಲ್ಲಿ ಓಣಿಯ ಬಾಗಿಲುಗಳೆಲ್ಲ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಬೇಸಿಗೆಯಲ್ಲಿ ಅದೇ ಬಾಗಿಲುಗಳ ಸಂದಿಯಲ್ಲಿ ಬೆಕ್ಕು ನುಸುಳುತ್ತದೆ. ಗೋಡೆಯ ಬಿರುಕುಗಳನ್ನು ನಾವು ಮನೆಮಂದಿಯ ಹಾಗೆ ವಿಚಾರಿಸಿಕೊಳ್ಳುತ್ತೇವೆ: ದೊಡ್ಡದು ಹೇಗಿದೆ, ಚಿಕ್ಕದು ಎಷ್ಟು ಬೆಳೆಯಿತು.

ನಮ್ಮ ಎದುರು ಮನೆ ಜರಡಿಯಕ್ಕನದು. ಅವಳ ಅತ್ತೆ ತಮ್ಮ ಕೋಣೆಯ ಬಿರುಕಿನಲ್ಲಿ ಕನ್ನಡಕ ಇಡುತ್ತಿದ್ದರು. ಕೈಗೆ ಸಿಗುವ ಎತ್ತರ, ಬೀಳುವ ಭಯವಿಲ್ಲ. ಒಂದು ವರ್ಷ ಮಳೆ ಬೇಗ ಬಂತು. ಬಿರುಕು ಮುಚ್ಚಿಕೊಂಡು ಕನ್ನಡಕದ ಒಂದು ಕಾಲನ್ನು ಹಿಡಿದುಬಿಟ್ಟಿತು. ಎಳೆದರೆ ಮುರಿಯುತ್ತದೆ, ಬೇಸಿಗೆಯವರೆಗೂ ಕಾಯಮ್ಮ ಎಂದು ಮಗ ಸಮಾಧಾನ ಹೇಳಿದ. ಮಗನೆಂದರೆ ಜರಡಿಯಕ್ಕನ ಗಂಡ, ಕೈಗಡಿಯಾರ ರಿಪೇರಿ ಮಾಡುವವನು. ಕಾಯುವುದು ಅವನಿಗೆ ಅಭ್ಯಾಸ.

ಜರಡಿಯಕ್ಕ ಎಂಬ ಹೆಸರು ಬಂದದ್ದು ಎಂಜಿನಿಯರಿಂಗ್ ಕಾಲೇಜಿನಿಂದ. ಅಲ್ಲಿನ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವಳು ಈ ಕಥೆಯ ಹೊತ್ತಿಗೆ ಇಪ್ಪತ್ತೇಳು ವರ್ಷದಿಂದ ಅಟೆಂಡರ್. ಎಲ್ಲೆಲ್ಲಿಂದಲೋ ಚೀಲದಲ್ಲಿ ಬಂದ ಮಣ್ಣನ್ನು ಒಣಗಿಸುವುದು, ಮರದ ಸುತ್ತಿಗೆಯಿಂದ ಹೆಂಟೆ ಒಡೆಯುವುದು, ಜರಡಿ ಹಿಡಿಯುವುದು, ಒಲೆಯಲ್ಲಿಟ್ಟು ತೆಗೆದು ತೂಗುವುದು ಅವಳ ಕೆಲಸ. ಮೆತ್ತಗಿನ ಮಣ್ಣನ್ನು ಗಟ್ಟಿ ಮಾಡುತ್ತೇವೆಂದು ವರ್ಷಕ್ಕೊಬ್ಬರಾದರೂ ವಿದ್ಯಾರ್ಥಿ ಏನಾದರೊಂದು ಕಸ ಹೊತ್ತು ಬರುತ್ತಿದ್ದರು. ಬೂದಿ, ಇಟ್ಟಿಗೆ ಪುಡಿ, ಟೈರಿನ ಚೂರು, ಪ್ಲಾಸ್ಟಿಕ್ ಬಾಟಲಿಯ ಸೀಳು, ಮೊಟ್ಟೆಯ ಚಿಪ್ಪು. ಒಬ್ಬನಂತೂ ಕ್ಷೌರದಂಗಡಿಯಿಂದ ಎರಡು ಚೀಲ ಕೂದಲು ತಂದಿದ್ದ. ಅದನ್ನೂ ಅವಳು ತೂಗಿ, ಮಣ್ಣಿಗೆ ಕಲಸಿ ಕೊಟ್ಟಳು. ಓದಿದ್ದು ಏಳನೇ ತರಗತಿಯಾದರೂ ಹಸಿ ಮಣ್ಣನ್ನು ಅಂಗೈಯಲ್ಲಿ ದಾರದಂತೆ ಹೊಸೆದು, ಅದು ಎಲ್ಲಿ ತುಂಡಾಗುತ್ತದೆ ಎಂದು ನೋಡಿ, ಯಂತ್ರ ಹೇಳುವ ಲೆಕ್ಕವನ್ನು ಯಂತ್ರಕ್ಕಿಂತ ಮೊದಲೇ ಹೇಳುತ್ತಿದ್ದಳು. ಯಂತ್ರ ಬೇರೆ ಹೇಳಿದರೆ ವಿದ್ಯಾರ್ಥಿಗಳು ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದವಳ ಮನೆಯ ಬಾಗಿಲು ಮಾತ್ರ ಎಲ್ಲರ ಮನೆಯ ಬಾಗಿಲಿನ ಹಾಗೇ ಇತ್ತು. ಮೇಸ್ತ್ರಿಯಾಗಿದ್ದ ಅವಳ ಮೈದುನ ಮಳೆಗಾಲದಲ್ಲಿ ಅದರ ಅಂಚು ಹೆರೆಯುತ್ತಿದ್ದ, ಬೇಸಿಗೆಯಲ್ಲಿ ಪಟ್ಟಿ ಹೊಡೆಯುತ್ತಿದ್ದ. ಹದಿನೆಂಟು ವರ್ಷದಲ್ಲಿ ಅದರಲ್ಲಿ ಬಾಗಿಲಿಗಿಂತ ಪಟ್ಟಿಯೇ ಜಾಸ್ತಿಯಾಗಿತ್ತು.

ಒಂದು ಮಳೆಗಾಲದ ಬೆಳಗ್ಗೆ ಅತ್ತೆಯ ಕೋಣೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅತ್ತೆ ಎಳೆದರು, ಹೊರಗಿನಿಂದ ಮಗ ತಳ್ಳಿದ. ಮೈದುನ ಬಂದು ಹೆಗಲು ಕೊಟ್ಟ. ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಅವನು ಕಿಟಕಿಯ ಸರಳು ಕಿತ್ತು, ಕೆಳಗೊಂದು ಸ್ಟೂಲು ಇಟ್ಟು, ಎಪ್ಪತ್ತಾರು ವರ್ಷದ ತಾಯಿಯನ್ನು ಕಿಟಕಿಯಿಂದ ಇಳಿಸಿಕೊಂಡ. ನಾವು ಓಣಿಯವರೆಲ್ಲ ಕೊಡೆ ಹಿಡಿದು ನಿಂತು ನೋಡಿದೆವು. ಸಹಾಯ ಮಾಡಲೆಂದೇ ಹೋಗಿದ್ದೆವು, ಆದರೆ ಕಿಟಕಿ ಒಂದೇ ಇತ್ತು.

ಅತ್ತೆ ಜಗಲಿಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: "ಕಿಟಕಿ ಹಾರೋ ವಯಸ್ಸಲ್ಲಿ ನಾನು ಬಾಗಿಲಲ್ಲೇ ಓಡಾಡ್ದೆ. ಈಗ ಈ ವಯಸ್ಸಲ್ಲಿ ಕಿಟಕಿ ಹಾರಿಸ್ತಿದೀರಿ. ನಂಗೊಂದು ಬೇರೆ ಕೋಣೆ ಕಟ್ಟಿಕೊಡಿ. ಅದರ ಬಾಗಿಲು ತೆಗೀಬೇಕು, ಹಾಕ್ಬೇಕು. ಬೇರೇನೂ ಕೇಳಲ್ಲ ನಾನು."

ಅಂದೇ ಸಂಜೆ ಮೈದುನ ಹಿತ್ತಲಲ್ಲಿ ಜಾಗ ಅಳೆದ. "ಎಂಟಡಿ ಅಗೆದು ಈ ಮಣ್ಣನ್ನೆಲ್ಲ ಹೊರಗೆ ಹಾಕ್ಬೇಕು ಅತ್ತಿಗೆ. ಆಮೇಲೆ ಜಲ್ಲಿ, ಮರಳು ತುಂಬ್ಬೇಕು. ಈ ಮಣ್ಣಿಗೆ ಬೇರೆ ದಾರಿ ಇಲ್ಲ."

"ತೆಗೆದ ಮಣ್ಣು ಎಲ್ಲಿಗೆ ಹೋಗುತ್ತೆ?"

"ಲಾರೀಲಿ ಹೋಗುತ್ತೆ."

"ಲಾರಿ ಎಲ್ಲಿ ಬರುತ್ತೆ?"

ಮೈದುನ ಓಣಿಯತ್ತ ನೋಡಿದ. ನಮ್ಮ ಓಣಿಯಲ್ಲಿ ತಳ್ಳುಗಾಡಿ ಬರುತ್ತದೆ, ಎದುರಿಗೆ ಬರುವವರು ಗೋಡೆಗೆ ಅಂಟಿಕೊಂಡು ನಿಂತರೆ. ಅವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಮರುದಿನ ಲ್ಯಾಬಿನಲ್ಲಿ ಜರಡಿಯಕ್ಕ ಪ್ರೊಫೆಸರ ಮೇಜಿನ ಹತ್ತಿರ ಹೋಗಿ ನಿಂತಳು. ಪ್ರೊಫೆಸರು ಬಹಳ ಎಚ್ಚರಿಕೆಯ ಮನುಷ್ಯ. ಬಿಸಿಲಿದ್ದರೂ ಮೋಡವಿದ್ದರೂ ಕೊಡೆ ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ.

"ಸಾರ್, ಈ ಬೀರೂಲಿ ಇರೋ ಪುಸ್ತಕದಲ್ಲೆಲ್ಲ ಮಣ್ಣು ಗಟ್ಟಿ ಆಯ್ತು ಅಂತಾನೇ ಬರ್ದಿದಾರಲ್ವಾ?"

"ಹೌದಮ್ಮ. ಮೂವತ್ತೊಂಬತ್ತು ಪ್ರಬಂಧ ಇದೆ."

"ಅದ್ರಲ್ಲಿ ಒಂದಾದ್ರೂ ಮಣ್ಣಿನ ಮೇಲೆ ಯಾರಾದ್ರೂ ಮನೆ ಕಟ್ಟಿದಾರಾ?"

ಪ್ರೊಫೆಸರು ಪೆನ್ನಿನ ಮುಚ್ಚಳ ಹಾಕಿದರು. "ಕೊನೇ ಪುಟದಲ್ಲಿ ಮುಂದಿನ ಅಧ್ಯಯನ ಅಗತ್ಯ ಅಂತ ಬರೆದಿರ್ತೀವಿ."

"ಹಾಗಿದ್ರೆ ಆ ಅಧ್ಯಯನ ನಮ್ಮನೇಲೇ ಆಗ್ಲಿ ಸಾರ್. ನಮ್ಮತ್ತೆ ಕಾಯ್ತಿದಾರೆ."

ಅವರು ಆ ದಿನ ಒಪ್ಪಲಿಲ್ಲ, ಮಾರನೆ ದಿನವೂ ಒಪ್ಪಲಿಲ್ಲ. ಮೂರನೆಯ ದಿನ ಅವಳು ಅತ್ತೆ ಕಿಟಕಿಯಿಂದ ಇಳಿದ ಕಥೆ ಹೇಳಿದಳು. ಅವರ ತಾಯಿಗೂ ಅದೇ ವಯಸ್ಸಂತೆ. ಒಪ್ಪಿದರು, ಆದರೆ ಷರತ್ತು ಹಾಕಿದರು. ಒಂದೇ ಅಂತಸ್ತು, ಮೇಲೆ ಹಗುರವಾದ ತಗಡಿನ ಚಾವಣಿ. ಅದಕ್ಕೂ ಮೊದಲು ಹಿತ್ತಲಲ್ಲಿ ನಾಲ್ಕಡಿ ಚೌಕದಷ್ಟು ಮಣ್ಣನ್ನು ಗಟ್ಟಿ ಮಾಡಿ ತೋರಿಸಬೇಕು. ಒಂದು ತಿಂಗಳು ಅದನ್ನು ನೋಡಿ ಆಮೇಲೆ ಮುಂದಿನ ಮಾತು.

ಏನು ಬೆರೆಸಬೇಕೆಂಬುದು ಅವಳಿಗೆ ಗೊತ್ತಿತ್ತು. ಮೂವತ್ತೊಂಬತ್ತು ಪ್ರಬಂಧದ ಮಣ್ಣನ್ನು ಕಲಸಿದ ಕೈ ಅವಳದು. ಅದರಲ್ಲಿ ಹನ್ನೊಂದನೆಯ ಪ್ರಬಂಧದ ಮಣ್ಣನ್ನು ಒಡೆಯಲು ಹೋಗಿ ಯಂತ್ರದ ಸ್ಕ್ರೂ ಸಡಿಲವಾಗಿತ್ತು. ಅದಕ್ಕೆ ಹಾಕಿದ್ದು ಎರಡೇ ವಸ್ತು. ಒಂದು, ಗ್ಯಾಸ್ ವೆಲ್ಡಿಂಗ್ ಅಂಗಡಿಯವರು ಕಾರ್ಬೈಡ್ ಕಲ್ಲಿಗೆ ನೀರು ಹಾಕಿ ಗ್ಯಾಸು ತೆಗೆದ ಮೇಲೆ ಉಳಿಯುವ ಬಿಳಿ ರಾಡಿ. ಅದು ಹೆಚ್ಚುಕಡಿಮೆ ಸುಣ್ಣವೇ. ಇನ್ನೊಂದು, ಸುಟ್ಟ ಹೆಂಚಿನ ನುಣ್ಣನೆಯ ಪುಡಿ. ಎರಡೂ ತಿಪ್ಪೆಗೆ ಹೋಗುವಂಥವು.

ವೆಲ್ಡಿಂಗ್ ಅಂಗಡಿಯವನಿಗೆ ಹಿತ್ತಲಿನ ಆ ರಾಡಿ ಗುಂಡಿಯನ್ನು ಏನು ಮಾಡಬೇಕೋ ಗೊತ್ತಾಗದೆ ತಲೆನೋವಾಗಿತ್ತು. ಒಬ್ಬ ಹೆಂಗಸು ಬಂದು ಅದನ್ನು ಕೊಡಿ ಎಂದು ಕೇಳಿದಾಗ ಅವನು ಮೊದಲು ಅನುಮಾನಪಟ್ಟ, ಆಮೇಲೆ ತಾನೇ ಡ್ರಮ್ಮಿಗೆ ತುಂಬಿಕೊಟ್ಟ. "ಪೂರ್ತಿ ಒಣಗೋವರ್ಗೂ ಹತ್ರ ಬೆಂಕಿ ತರ್ಬೇಡಿ ಅಕ್ಕ. ಕೈಗೂ ಏನಾದ್ರೂ ಹಾಕ್ಕೊಳ್ಳಿ, ಚರ್ಮ ಸುಡುತ್ತೆ. ವಾಸ್ನೆ ಬಗ್ಗೆ ನನ್ನನ್ನ ಬಯ್ಬೇಡಿ."

ವಾಸನೆಯ ಬಗ್ಗೆ ಓಣಿಯವರು ಅವನನ್ನು ಬಯ್ಯಲಿಲ್ಲ, ಜರಡಿಯಕ್ಕನನ್ನು ಬಯ್ದೆವು. ಮಳೆ ಬಿಡುವು ಕೊಟ್ಟಾಗ ತಗಡಿನ ಮೇಲೆ ಹರವಿ ಬಿಸಿಲಿಗಿಟ್ಟ ಆ ರಾಡಿ ಕೆಟ್ಟ ಬೆಳ್ಳುಳ್ಳಿಯಂತೆ ನಾರಿತು. ನಾಲ್ಕು ದಿನ ನಮ್ಮ ಮನೆಯಲ್ಲಿ ಏನು ಬೇಯಿಸಿದರೂ ಒಂದೇ ರುಚಿ.

ಹೆಂಚು ಸಿಕ್ಕಿದ್ದು ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಹಿಂದಿನ ಗುಡ್ಡೆಯಲ್ಲಿ. ಅದನ್ನು ಪುಡಿ ಮಾಡುವುದು ಹೇಗೆ? ಆಗ ದೊಡ್ಡ ರಸ್ತೆಗೆ ಹೊಸ ಜಲ್ಲಿ ಹಾಕಿ ರೋಲರ್ ಓಡಿಸುತ್ತಿದ್ದರು. ಜರಡಿಯಕ್ಕ ದಪ್ಪ ಗೋಣಿಚೀಲಗಳಲ್ಲಿ ಹೆಂಚಿನ ಚೂರು ತುಂಬಿ ಬಾಯಿ ಹೊಲಿದು ಓಣಿಯ ಮೂಲೆಯಲ್ಲಿ ಸಾಲಾಗಿ ಮಲಗಿಸಿದಳು. ರೋಲರ್ ಡ್ರೈವರನಿಗೆ ಎರಡು ಲೋಟ ಚಹಾ ಕೊಟ್ಟು, "ಹೇಗಿದ್ರೂ ಹಿಂದೆ ಮುಂದೆ ಹೋಗ್ತಾನೇ ಇರ್ತೀರಲ್ಲಣ್ಣ, ಸ್ವಲ್ಪ ಪಕ್ಕಕ್ಕೆ ಬಂದು ಹೋಗಿ" ಎಂದಳು. ಅವನು ಗಂಭೀರವಾಗಿ ಹನ್ನೆರಡು ಸಲ ಚೀಲಗಳ ಮೇಲೆ ಹಾದುಹೋದ. ಉಳಿದ ದಪ್ಪ ಚೂರುಗಳನ್ನು ಮನೆಯಲ್ಲಿ ಕುಟ್ಟಿದರು.

ಜರಡಿ ಹಿಡಿಯುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಲ್ಯಾಬಿನಲ್ಲಿ ಅಂಚು ಬಗ್ಗಿ ಮೂಲೆಗೆ ಬಿದ್ದಿದ್ದ ಹಿತ್ತಾಳೆಯ ಜರಡಿಯೊಂದನ್ನು ಸೊಸೆ ಕೇಳಿ ತಂದಿದ್ದಳು. ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಯಲ್ಲಿ ಕಾಲು ಚಾಚಿ ಕೂತು, ಹೋಗುವವರನ್ನೆಲ್ಲ ಮಾತಾಡಿಸುತ್ತ ಜರಡಿ ಆಡಿಸುತ್ತಿದ್ದರು. "ಇಪ್ಪತ್ತೇಳು ವರ್ಷ ಸಂಬಳ ತಗೊಂಡೂ ಇವಳಿಗೆ ಕೈ ತಿರುಗಿಲ್ಲ. ಮಣಿಕಟ್ಟಲ್ಲಿ ಆಡಿಸ್ಬೇಕು, ತೋಳಲ್ಲಿ ಅಲ್ಲ" ಎಂದು ನನಗೂ ಒಂದು ದಿನ ತೋರಿಸಿಕೊಟ್ಟರು. ಸೊಸೆ ಎದುರಾಡಲಿಲ್ಲ. ಪುಡಿ ನಿಜವಾಗಿಯೂ ನುಣ್ಣಗಿತ್ತು.

ಮೊದಲು ಪೈಪಿನ ತುಂಡುಗಳಲ್ಲಿ ಬೇರೆ ಬೇರೆ ಅಳತೆಯ ಮಿಶ್ರಣ ತುಂಬಿ ಒಂಬತ್ತು ಉಂಡೆ ಮಾಡಿದಳು. ಒದ್ದೆ ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ಮೂರು ವಾರ ಇಟ್ಟು, ಆಮೇಲೆ ಬಕೆಟ್ಟಿನ ನೀರಿಗೆ ಬಿಟ್ಟಳು. ಪಕ್ಕದಲ್ಲಿ ಒಂದು ಬರೀ ಮಣ್ಣಿನ ಉಂಡೆ. ಬರೀ ಮಣ್ಣು ಇಪ್ಪತ್ತು ನಿಮಿಷದಲ್ಲಿ ಕರಗಿ ಕೆಸರಾಯಿತು. ನೂರು ಭಾಗ ಮಣ್ಣಿಗೆ ಎಂಟು ಭಾಗ ವೆಲ್ಡಿಂಗ್ ಸುಣ್ಣ, ಇಪ್ಪತ್ತು ಭಾಗ ಹೆಂಚಿನ ಪುಡಿ ಹಾಕಿದ ಉಂಡೆ ಒಂದು ವಾರವಾದರೂ ನೀರಿನಲ್ಲಿ ಹಾಗೇ ಕೂತಿತ್ತು.

ನಾಲ್ಕಡಿ ಚೌಕದ ಗುಂಡಿ ಅಗೆದು, ಮಣ್ಣು ಕಲಸಿ, ತುಂಬಿ, ಕುಟ್ಟಿ ದಿಮ್ಮಿಸುವ ಕೆಲಸ ಮೈದುನನಿಗೆ ಬಿತ್ತು. ಜರಡಿಯಕ್ಕ ಅಳತೆ ಬರೆದುಕೊಟ್ಟು ಕಾಲೇಜಿಗೆ ಹೋದಳು. ಸಂಜೆ ಬಂದು ನೋಡಿದರೆ ಮಟ್ಟಸವಾಗಿ, ಅಂಚು ಕತ್ತರಿಸಿದ ಹಾಗೆ ಕೆಲಸ ಮುಗಿದಿತ್ತು. ಒದ್ದೆ ಗೋಣಿ ಹೊದಿಸಿದಳು. ಒಂದು ವಾರ ಬಿಟ್ಟು ಅತ್ತೆ ಯಾರನ್ನೂ ಕೇಳದೆ ಬಟ್ಟೆ ಒಗೆಯುವ ಕಲ್ಲನ್ನು ಅದರ ಮೇಲೆ ಹಾಕಿಸಿಕೊಂಡರು. ಹಿತ್ತಲಲ್ಲಿ ಕೆಸರಿಲ್ಲದ ಜಾಗ ಅದೊಂದೇ.

ಹದಿನೈದನೆಯ ದಿನ ಒಗೆಯುವ ಕಲ್ಲು ವಾಲಿತು. ಹದಿನೆಂಟನೆಯ ದಿನ ಅದರ ಮೇಲಿಟ್ಟ ಸಾಬೂನು ನಿಲ್ಲಲಿಲ್ಲ. ಗೋಣಿ ಎತ್ತಿ ನೋಡಿದರೆ ನಾಲ್ಕಡಿ ಚೌಕ ನಡುವಿನಲ್ಲಿ ಹುದುಗು ಬಂದ ಹಿಟ್ಟಿನಂತೆ ಉಬ್ಬಿ ಬಿರಿದಿತ್ತು. ಅಕ್ಕಪಕ್ಕದ ಬರೀ ಮಣ್ಣೂ ಅಷ್ಟು ಉಬ್ಬಿರಲಿಲ್ಲ.

ಓಣಿಯವರೆಲ್ಲ ನೋಡಿಕೊಂಡು ಬಂದೆವು. ಕಸ ಹಾಕಿದರೆ ಇನ್ನೇನಾಗುತ್ತದೆ ಎಂದು ಕೆಲವರು ಮೂಗು ಮುರಿದರು. ನಾನೂ ಮುರಿದೆ, ಸುಳ್ಳು ಹೇಳುವುದೇಕೆ. ಜರಡಿಯಕ್ಕ ಮಾತ್ರ ಹಿತ್ತಲ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟಳು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಕಾಲೇಜಿಗೆ ರಜೆ ಹಾಕಿದಳು. ಗಂಡ ಊಟಕ್ಕೆ ಕರೆದರೆ, "ನಾನು ಇಷ್ಟು ವರ್ಷ ಆ ಹುಡುಗ್ರಿಗೆಲ್ಲ ಏನು ತೂಗಿಕೊಟ್ಟೆ ರೀ? ಅದೆಲ್ಲ ಸುಳ್ಳಾ?" ಎಂದಳಂತೆ. ಅವನು ತಟ್ಟೆಯನ್ನು ಅಲ್ಲಿಗೇ ತಂದು, ತಾನೂ ಮೆಟ್ಟಿಲ ಮೇಲೆ ಕೂತು ಊಟ ಮಾಡಿದ.

ಅವಳು ರಜೆ ಹಾಕಿದ್ದಾಳೆಂದು ಕೇಳಿ ಗಾಬರಿಯಾಗಿ ಪ್ರೊಫೆಸರೇ ಬಂದರು. ಕೊಡೆ ಮಡಿಸಿ ಅದರ ತುದಿಯಿಂದ ಉಬ್ಬಿದ ಮಣ್ಣನ್ನು ಕೆದಕಿದರು. ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರು.

"ಸುಣ್ಣದ ಜೊತೆ ಬೇರೆ ಬಿಳೀದು ಏನಾದ್ರೂ ಹಾಕಿದ್ರಾ?"

"ಇಲ್ಲ ಸಾರ್" ಎಂದಳು ಜರಡಿಯಕ್ಕ.

ಮೈದುನ ಆಕಾಶ ನೋಡತೊಡಗಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಏನೋ ಅದು?" ಎಂದರು ಅತ್ತೆ.

"ಅದೇನಿಲ್ಲ... ಆಫೀಸೊಂದರ ಹಳೇ ಸೀಲಿಂಗ್ ಬಿಚ್ಚಿದ್ವಿ. ಪ್ಲಾಸ್ಟರ್ ಹಲಗೆ ಪುಡಿ. ಸ್ವಲ್ಪ ಹಾಕ್ದೆ."

"ಸ್ವಲ್ಪ ಅಂದ್ರೆ?"

"ಎರಡು ಚೀಲ."

"ಯಾಕಪ್ಪ ಹಾಕ್ದೆ?" ಜರಡಿಯಕ್ಕನ ದನಿ ಬಹಳ ಮೆತ್ತಗಿತ್ತು.

"ನೀವೇ ಅಂದ್ರಲ್ಲ ಅತ್ತಿಗೆ, ಕಸ ಹಾಕಿದ್ರೆ ಮಣ್ಣು ಗಟ್ಟಿ ಆಗುತ್ತೆ ಅಂತ. ಇನ್ನಷ್ಟು ಹಾಕಿದ್ರೆ ಇನ್ನಷ್ಟು ಗಟ್ಟಿ ಆಗ್ಲಿ ಅಂತ ಹಾಕ್ದೆ. ನಿಮಗೆ ಖುಷಿ ಆಗುತ್ತೆ ಅನ್ಕೊಂಡೆ."

"ಇವನು ಮೊದಲಿಂದ್ಲೂ ಹೀಗೇ" ಎಂದರು ಅತ್ತೆ ಪ್ರೊಫೆಸರಿಗೆ. "ಅಡುಗೆಗೆ ಉಪ್ಪು ಹಾಕು ಅಂದ್ರೆ, ಪಕ್ಕದಲ್ಲಿತ್ತು ಅಂತ ಸಕ್ಕರೇನೂ ಹಾಕೋನು."

ಪ್ರೊಫೆಸರ ಮುಖ ಮಾತ್ರ ಅರಳಿತ್ತು. ಪ್ಲಾಸ್ಟರಿನಲ್ಲಿರುವ ಗಂಧಕದ ಅಂಶ, ಸುಣ್ಣ, ಜಿಗುಟು ಮಣ್ಣು, ನೀರು ಈ ನಾಲ್ಕೂ ಸೇರಿದರೆ ಮಣ್ಣಿನೊಳಗೆ ಸೂಜಿಯಂಥ ಹರಳು ಬೆಳೆಯುತ್ತವೆ, ಅವು ನೀರು ಹೀರಿಕೊಂಡು ಸುತ್ತಲಿನದನ್ನೆಲ್ಲ ಒದ್ದು ಎಬ್ಬಿಸುತ್ತವೆ ಎಂದು ವಿವರಿಸಿದರು. ಪುಸ್ತಕದಲ್ಲಿ ಓದಿದ್ದರಂತೆ, ಇಷ್ಟು ಚೆನ್ನಾಗಿ ಆದದ್ದನ್ನು ಕಣ್ಣಾರೆ ಕಂಡಿರಲಿಲ್ಲವಂತೆ. ಮೈದುನನ ಕೈ ಕುಲುಕಿದರು. ಅವನು ಎದೆಯುಬ್ಬಿಸಿದ.

ಜರಡಿಯಕ್ಕ ಮೊದಲು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಲೆಕ್ಕ ತಪ್ಪಿರಲಿಲ್ಲ, ಕೈ ತಪ್ಪಿರಲಿಲ್ಲ. ಪ್ರೊಫೆಸರು ಓಣಿ ದಾಟಿದ ಮೇಲೆ ಮೈದುನನನ್ನು ಕೂರಿಸಿಕೊಂಡು ಅರ್ಧ ಗಂಟೆ ಬಯ್ದಳು. ನಮ್ಮ ಮನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು.

ಎರಡನೆಯ ಸಲ ಅವಳು ಯಾರನ್ನೂ ನಂಬಲಿಲ್ಲ. ಪ್ರತಿ ಚೀಲಕ್ಕೂ ಚೀಟಿ ಅಂಟಿಸಿದಳು. ಮೈದುನ ಗುಂಡಿಯ ಹತ್ತಿರ ಬರುವ ಮೊದಲು ಅವನ ಕೈ ನೋಡುತ್ತಿದ್ದಳು. ತಿಂಗಳಾದ ಮೇಲೆ ಪ್ರೊಫೆಸರು ಲ್ಯಾಬಿನಿಂದ ಒಂದು ಉಕ್ಕಿನ ತಟ್ಟೆಯನ್ನೂ, ಕೂದಲೆಳೆಯಷ್ಟು ಕುಸಿದರೂ ತೋರಿಸುವ ಮುಳ್ಳಿನ ಗೇಜನ್ನೂ ತಂದರು. ತಟ್ಟೆಯ ಮೇಲೆ ಡ್ರಮ್ಮು ಇಟ್ಟು ನೀರು ತುಂಬಿದರು. ಗೇಜು ಓದಲು ಜರಡಿಯಕ್ಕನ ಗಂಡನನ್ನು ಕರೆದರು. ಅವನು ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ.

"ಎಷ್ಟು?" ಎಂದರು ಪ್ರೊಫೆಸರು.

"ಎರಡು ಗೆರೆ. ಆದ್ರೆ ಈ ಗೇಜಿಗೆ ಎಣ್ಣೆ ಹಾಕಿ ಬಹಳ ದಿನ ಆಗಿದೆ ಸಾರ್. ಬಿಚ್ಚಿ ಕೊಡ್ಲಾ?"

"ಈಗ ಬೇಡ."

ಮೈದುನನೂ ಡ್ರಮ್ಮಿನ ಮೇಲೆ ಹತ್ತಿ ನಿಂತ. ಮೂರು ಗೆರೆ. ಪಕ್ಕದ ಬರೀ ಮಣ್ಣಿನ ಮೇಲೆ ಅದೇ ಡ್ರಮ್ಮು ಅರ್ಧ ತುಂಬುವಷ್ಟರಲ್ಲಿ ಮುಳ್ಳು ಸುತ್ತು ಹೊಡೆದು ನಿಂತುಬಿಟ್ಟಿತು. ಪ್ರೊಫೆಸರು ಒಪ್ಪಿದರು.

ಬೇಸಿಗೆಯಲ್ಲಿ ಕೋಣೆಯ ಜಾಗ ಅಗೆದರು. ಅಲ್ಲಿನ ಮಣ್ಣನ್ನೇ ಒಣಗಿಸಿ, ಪುಡಿ ಮಾಡಿ, ಸುಣ್ಣ ಮತ್ತು ಹೆಂಚಿನ ಪುಡಿ ಬೆರೆಸಿ, ಅದೇ ಗುಂಡಿಗೆ ಗೇಣು ದಪ್ಪದ ಪದರಗಳಾಗಿ ತುಂಬಿ ದಿಮ್ಮಿಸಿದರು. ಹೊರಗೆ ಹೋದ ಮಣ್ಣು ಒಂದು ಬುಟ್ಟಿಯೂ ಇಲ್ಲ. ತಿಂಗಳು ಒದ್ದೆ ಗೋಣಿಯ ಕೆಳಗಿಟ್ಟು ಆಮೇಲೆ ಮೈದುನ ಕಲ್ಲಿನ ತಳ ಕಟ್ಟಿ ಗೋಡೆ ಎಬ್ಬಿಸಿದ. ಅವನ ಕೆಲಸದಲ್ಲಿ ಹೆಸರಿಡುವಂತಿರಲಿಲ್ಲ. ಮೋಡ ಕಟ್ಟುವ ಮೊದಲೇ ಅತ್ತೆ ಮಂಚ ಹಾಕಿಸಿಕೊಂಡರು.

ಮಳೆ ಬಂತು. ಓಣಿಯ ಬಾಗಿಲುಗಳು ಒಂದೊಂದಾಗಿ ಬಿಗಿದವು. ಅತ್ತೆ ಮಾತ್ರ ಕೆಲಸವಿರಲಿ ಇಲ್ಲದಿರಲಿ ಬಾಗಿಲು ತೆಗೆಯುತ್ತಿದ್ದರು, ಹಾಕುತ್ತಿದ್ದರು. ಯಾರಾದರೂ ನೋಡಲು ಬಂದರೆ ಅವರ ಮುಂದೆ ಮತ್ತೆರಡು ಸಲ. "ಅಮ್ಮ, ಬಾಗಿಲು ಸವೆಯುತ್ತೆ" ಎಂದು ಮಗ ಹೇಳಿದರೆ ಸೊಪ್ಪು ಹಾಕಲಿಲ್ಲ.

ಒಂದು ತೊಂದರೆಯನ್ನು ಯಾರೂ ಯೋಚಿಸಿರಲಿಲ್ಲ. ಹೊಸ ಕೋಣೆ ಅಲುಗಾಡಲಿಲ್ಲ, ಹಳೆಯ ಮನೆ ಎಂದಿನಂತೆ ಮಳೆಗೆ ಮೇಲೆದ್ದಿತು. ಎರಡರ ನಡುವೆ ಒಂದು ಅಂಗುಲದ ಮೆಟ್ಟಿಲು ಹುಟ್ಟಿಕೊಂಡಿತು. ಬೇಸಿಗೆಯಲ್ಲಿ ಅದು ಮಾಯವಾಗುತ್ತದೆ. ಗಡಿಯಾರದವನು ಪ್ರತಿ ವರ್ಷವೂ ಮಳೆಗಾಲದ ಮೊದಲ ವಾರ ಅಲ್ಲಿ ಮುಗ್ಗರಿಸುತ್ತಾನೆ.

ಮೂರು ಮಳೆಗಾಲ ಕಳೆದ ಮೇಲೆ ಪ್ರೊಫೆಸರ ವಿದ್ಯಾರ್ಥಿನಿಯೊಬ್ಬಳು ಈ ಕೋಣೆಯ ಮೇಲೇ ಪ್ರಬಂಧ ಬರೆದಳು. ಹೊರಗಿನಿಂದ ಬಂದ ಪರೀಕ್ಷಕರು ಕೋಣೆಯನ್ನೇ ನೋಡಬೇಕೆಂದರು. ಅತ್ತೆ ಮಂಚದ ಮೇಲಿದ್ದರು. ಪರೀಕ್ಷಕರು ಗೋಡೆ ತಟ್ಟಿದರು, ಮೂಲೆ ಮೂಲೆ ಇಣುಕಿದರು, ಆಮೇಲೆ ವಿದ್ಯಾರ್ಥಿನಿಯ ಕಡೆ ತಿರುಗಿ, "ಮೂರು ವರ್ಷದಲ್ಲಿ ಎಷ್ಟು ಕೂತಿದೆ?" ಎಂದು ಕೇಳಿದರು.

"ಬೆಳಗ್ಗೆಯಿಂದ ಇಲ್ಲೇ ಕೂತಿದೀನಪ್ಪ" ಎಂದರು ಅತ್ತೆ. "ನೀವು ಬರ್ತೀರಿ ಅಂತ ಎಲ್ಲಿಗೂ ಹೋಗಿಲ್ಲ."

"ಅಲ್ಲಜ್ಜಿ, ಅಡಿಪಾಯ ಕೆಳಗೆ ಕುಸಿದು ಕೂತಿದೆಯಾ ಅಂತ."

"ಅದಕ್ಕೇನು, ಅದೂ ನನ್ನ ಜೊತೇಲೇ ಇದೆ. ನಿಂತ್ಕೊಂಡೇ ಇದೀರಲ್ಲ, ನೀವೂ ಕೂತ್ಕೊಳ್ಳಿ."

ಪರೀಕ್ಷಕರು ಕೂತರು. ಚಹಾ ಕುಡಿದರು. ಹೋಗುವಾಗ ತಾವೇ ಬಾಗಿಲು ಹಾಕಿ ತೆಗೆದು ನೋಡಿದರು. ವಿದ್ಯಾರ್ಥಿನಿ ಪಾಸಾದಳು. ಪ್ರಬಂಧದ ಮೊದಲ ಪುಟದಲ್ಲಿ ವಂದನೆ ಹೇಳುವ ಕಡೆ ಜರಡಿಯಕ್ಕನ ಹೆಸರು ಪ್ರೊಫೆಸರ ಹೆಸರಿಗಿಂತ ಮೇಲಿದೆ. ಹಾಗೇ ಇರಲಿ ಎಂದು ಹೇಳಿದವರು ಪ್ರೊಫೆಸರೇ.

ಈಗ ಓಣಿಯಲ್ಲಿ ಅಂಥ ಅಡಿಪಾಯದ ಕೋಣೆಗಳು ನಾಲ್ಕಾಗಿವೆ, ಜೊತೆಗೆ ಬಾಲವಾಡಿಯ ಕಾಂಪೌಂಡ್ ಗೋಡೆಯೂ ಇದೆ. ಮೈದುನ ತನ್ನನ್ನು ಮಣ್ಣು ತಜ್ಞ ಎಂದು ಪರಿಚಯಿಸಿಕೊಳ್ಳುತ್ತಾನೆ; ಅತ್ತಿಗೆ ಹತ್ತಿರವಿದ್ದರೆ ಮೇಸ್ತ್ರಿ ಎನ್ನುತ್ತಾನೆ. ಜರಡಿಯಕ್ಕ ಎಲ್ಲರಿಗೂ ಹೇಳುವುದು ಒಂದೇ: ನಿಮ್ಮ ಮನೆಯ ಕೆಳಗಿನ ಮಣ್ಣು ತನ್ನಿ, ಹೊಸೆದು ನೋಡದೆ ಅಳತೆ ಹೇಳಲ್ಲ.

ಹೋದ ತಿಂಗಳು ನಾನೂ ನಮ್ಮ ಮನೆಯ ಮಣ್ಣನ್ನು ಬಟ್ಟಲಲ್ಲಿ ಹಿಡಿದುಕೊಂಡು ಹೋಗಿ ನಿಂತೆ. ಬಚ್ಚಲುಮನೆ ಒಂದು ಮೂಲೆಗೆ ವಾಲಿತ್ತು. ಹಿಂದೊಮ್ಮೆ ಮೂಗು ಮುರಿದದ್ದನ್ನು ಅವಳು ಎತ್ತಿ ಆಡಲಿಲ್ಲ. ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದು, ದಾರ ತುಂಡಾಗುವುದನ್ನು ನೋಡಿದಳು. "ನಿಮ್ಮದು ನಮ್ಮದಕ್ಕಿಂತ ಜಿಗುಟು. ಒಂದು ಭಾಗ ಸುಣ್ಣ ಜಾಸ್ತಿ ಬೇಕು. ಹೆಂಚು ನೀವೇ ಕುಟ್ಕೊಳ್ಳಿ."

ಎರಡು ಭಾನುವಾರ ನಾನೂ ನನ್ನ ಹೆಂಡತಿಯೂ ಕೂತು ಹೆಂಚು ಕುಟ್ಟಿದೆವು. ಅಂಗೈಯಲ್ಲಿ ಬೊಬ್ಬೆ ಬಂತು. ಒಂದು ಚೀಲ ತುಂಬಿದ ಮೇಲೆ ಹೆಮ್ಮೆಯಿಂದ ಎದುರುಮನೆಗೆ ಹೊತ್ತುಕೊಂಡು ಹೋದೆ. ಅವಳು ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿದಳು, ಅತ್ತೆಯ ಕಡೆ ಚಾಚಿದಳು. ಅತ್ತೆಯೂ ಉಜ್ಜಿ ನೋಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ಪುಡಿ ಅಲ್ಲ, ಜಲ್ಲಿ" ಎಂದಳು ಜರಡಿಯಕ್ಕ. "ಚೆನ್ನಾಗೇ ಕುಟ್ಟಿದೀರಿ. ಇನ್ನೊಂದ್ಸಲ ಕುಟ್ಟಿ."